ಪೀಠದಿಂದ ಇಳಿದ ಮೇಲೂ ಜನರ ಅಹವಾಲು ಕೇಳಿದ ನ್ಯಾಯಮೂರ್ತಿ: ಹೊಸಬೆಟ್ಟು ಸುರೇಶ್

ಮುಂಬಯಿ ಮಹಾನಗರವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ತುಳು-ಕನ್ನಡಿಗರಲ್ಲಿ ಹೋಟೆಲು ಉದ್ಯಮಿಗಳಿದ್ದಾರೆ, ಬ್ಯಾಂಕು ಅಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ, ಸಾಹಿತಿಗಳು, ಕಲಾವಿದರು, ಸಂಘಟಕರು ಇದ್ದಾರೆ. ಕಾನೂನು ಕ್ಷೇತ್ರದಲ್ಲಿ ಹೆಸರು ಮಾಡಿದವರೂ ಕಡಿಮೆಯೇನಿಲ್ಲ. ಅವರ ಪೈಕಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯ ಸ್ಥಾನಕ್ಕೇರಿ, ಆ ಸ್ಥಾನದಿಂದ ಇಳಿದ ನಂತರವೂ ಮೂರು ದಶಕಗಳ ಕಾಲ ಬಡವರ, ನೊಂದವರ ಮಾತು ಕೇಳುತ್ತಾ ಊರೂರು ಸುತ್ತಿದವರು ನ್ಯಾಯಮೂರ್ತಿ ಹೊಸಬೆಟ್ಟು ಸುರೇಶ್. 2020ರ ಜೂನ್ 11ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದಾಗ 91 ವರ್ಷ ತುಂಬಲು ಐದಾರು ವಾರಗಳಷ್ಟೇ ಬಾಕಿ ಇದ್ದವು.

ಅದು ಕೊರೋನಾ ಹಾವಳಿಯ ಕಾಲ. ಸಂಘ-ಸಂಸ್ಥೆಗಳ ಸಭಾಗೃಹಗಳಿಗೆ ಬೀಗ ಬಿದ್ದಿತ್ತು. ಅಂತ್ಯಕ್ರಿಯೆಗೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರುವಂತಿರಲಿಲ್ಲ. ಬೇರೆ ಸಮಯವಾಗಿದ್ದರೆ ಮಾಟುಂಗದಿಂದ ಬೊರಿವಲಿಯವರೆಗೆ ಶ್ರದ್ಧಾಂಜಲಿ ಸಭೆಗಳು ನಡೆಯಬೇಕಿದ್ದ ಹಿರಿಯರೊಬ್ಬರು ಸದ್ದಿಲ್ಲದೆ ಹೊರಟುಹೋದರು. ಅವರ ಬದುಕಿನ ಸಾಧನೆಯನ್ನು ನಾಡಿನ ಹಾಗೂ ಹೊರನಾಡಿನ ಕನ್ನಡಿಗರು, ಅದರಲ್ಲೂ ಯುವ ಪೀಳಿಗೆಯವರು ತಿಳಿದುಕೊಳ್ಳುವುದು ಅಗತ್ಯ.

ಹೆಸರಿನಲ್ಲೇ ಊರು

ಸುರೇಶ್ ಅವರು ಜನಿಸಿದ್ದು 1929ರ ಜುಲೈ 20ರಂದು, ಸುರತ್ಕಲ್ ಸಮೀಪದ ಹೊಸಬೆಟ್ಟುವಿನಲ್ಲಿ. ಇಂದು ಆ ಪರಿಸರವೆಂದರೆ ಹೆದ್ದಾರಿ, ಪಣಂಬೂರಿನ ಬಂದರು, ತೈಲ ಶುದ್ಧೀಕರಣ ಕೇಂದ್ರ, ಸುರತ್ಕಲ್‌ನ ಎಂಜಿನಿಯರಿಂಗ್ ವಿದ್ಯಾಲಯ ಎಲ್ಲರ ಕಣ್ಣಮುಂದೆ ಬರುತ್ತವೆ. ಅವರ ಬಾಲ್ಯದಲ್ಲಿ ಇವು ಯಾವುವೂ ಇರಲಿಲ್ಲ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದೇ 1960ರಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ-ತೋಟಗಳಿದ್ದ ಊರು ಅದು.

ತುಳುನಾಡಿನವರು ಊರಿನ ಹೆಸರನ್ನು ಮೊದಲಿಟ್ಟು ನಂತರ ತಮ್ಮ ಹೆಸರು ಹೇಳಿಕೊಳ್ಳುವ ಪದ್ಧತಿ ಹೊಸತೇನಲ್ಲ. ಶ್ರೀಯುತರ ಹೆಸರಿನಲ್ಲೂ ಹೊಸಬೆಟ್ಟು ಕೊನೆಯವರೆಗೆ ಉಳಿಯಿತು. ಇಂಗ್ಲಿಷಿನಲ್ಲಿ ಅದು 'ಹೊಸ್ಬೆಟ್' ಎಂದಾಗಿ, ಉತ್ತರ ಭಾರತದ ಪತ್ರಿಕೆಗಳಲ್ಲಿ ಅದೊಂದು ಮನೆತನದ ಹೆಸರಿನಂತೆ ಪ್ರಕಟವಾಗುತ್ತಿತ್ತು. ಅದನ್ನು ಓದಿ ಬಳ್ಳಾರಿ ಕಡೆಯ ಹೊಸಪೇಟೆಯವರೆಂದು ತಿಳಿದುಕೊಳ್ಳುವುದೂ ಸುಲಭ. ಆದರೆ ಸುರತ್ಕಲ್ ಪರಿಸರದ ಯಾರಿಗೂ ಆ ಹೆಸರು ಕೇಳಿದೊಡನೆ ಇವರು ನಮ್ಮ ಊರಿನವರೇ ಎಂದು ಗೊತ್ತಾಗುತ್ತಿತ್ತು. ದೆಹಲಿ, ಅಹಮದಾಬಾದ್, ಶ್ರೀನಗರಗಳಲ್ಲಿ ಬಿಡುಗಡೆಯಾದ ವರದಿಗಳ ಮೇಲೆ ಕರಾವಳಿಯ ಈ ಸಣ್ಣ ಊರಿನ ಹೆಸರು ಅಚ್ಚಾಗುವಂತೆ ಮಾಡಿದವರು ಅವರು.

1953ರಲ್ಲಿ ಸುರೇಶ್ ಅವರು ಬಾಂಬೆ ಹೈಕೋರ್ಟಿನಲ್ಲಿ ವಕೀಲರಾಗಿ ಹೆಸರು ನೋಂದಾಯಿಸಿದರು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಕನ್ನಡಿಗರೆಲ್ಲರೂ ಒಂದೇ ರಾಜ್ಯದ ಕೆಳಗೆ ಬರಲು ಇನ್ನೂ ಮೂರು ವರ್ಷ ಕಾಯಬೇಕಿತ್ತು. ಊರಿನಿಂದ ನೇರವಾಗಿ ಮುಂಬಯಿಗೆ ತಲಪಿಸುವ ಕೊಂಕಣ ರೈಲು ಪೂರ್ಣಗೊಂಡದ್ದು 1998ರಲ್ಲಿ. ಅಂದರೆ ಆ ತಲೆಮಾರಿನವರು ಊರು ಬಿಟ್ಟು ಇಲ್ಲಿಗೆ ಬರುವುದೆಂದರೆ ಹಲವು ವಾಹನ ಬದಲಿಸಿ, ಹಲವು ದಿನಗಳ ದಣಿವಿನೊಂದಿಗೆ ಬಂದಿಳಿಯುವುದು.

ಕೋಟೆ ಪ್ರದೇಶದ ವಕೀಲ, ಪ್ರಾಧ್ಯಾಪಕ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ, ಓವಲ್ ಮೈದಾನದ ಎದುರಿಗೆ ನಿಂತಿರುವ ಹೈಕೋರ್ಟಿನ ಕಲ್ಲಿನ ಕಟ್ಟಡ 1878ರಲ್ಲಿ ಪೂರ್ಣಗೊಂಡದ್ದು. 1862ರಲ್ಲಿ ಸ್ಥಾಪನೆಯಾದ ಈ ನ್ಯಾಯಾಲಯದಲ್ಲಿ 'ಒರಿಜಿನಲ್ ಸೈಡ್', 'ಅಪೆಲೇಟ್ ಸೈಡ್' ಎಂಬ ಎರಡು ವಿಭಾಗಗಳಿವೆ. ಮುಂಬಯಿ ನಗರದ ದೊಡ್ಡ ಮೊತ್ತದ ದಾವೆಗಳು ನೇರವಾಗಿ ದಾಖಲಾಗುವುದು ಮೊದಲನೆಯದರಲ್ಲಿ. ಕೆಳಗಿನ ನ್ಯಾಯಾಲಯಗಳ ತೀರ್ಪುಗಳ ವಿರುದ್ಧ ಮೇಲ್ಮನವಿಗಳು ಬರುವುದು ಎರಡನೆಯದರಲ್ಲಿ. ಇಂಗ್ಲೆಂಡಿನಲ್ಲಿ ಓದಿ ಬಂದ ಬ್ಯಾರಿಸ್ಟರುಗಳು, ತಲೆಮಾರುಗಳಿಂದ ಇದೇ ವೃತ್ತಿಯಲ್ಲಿದ್ದ ಶ್ರೀಮಂತ ಮನೆತನಗಳವರು ಎದ್ದು ಕಾಣುತ್ತಿದ್ದ ಆ ಕಾಲದಲ್ಲಿ ಕರಾವಳಿಯ ಹಳ್ಳಿಯಿಂದ ಬಂದ ಯುವಕ ಎರಡೂ ಕಡೆ ವಕೀಲಿಕೆ ನಡೆಸಿದರು.

ವೃತ್ತಿಯ ಜೊತೆಗೆ ಬೋಧನೆಯೂ ಸಾಗಿತು. 1960ರಿಂದ 1965ರವರೆಗೆ ಚರ್ಚ್‌ಗೇಟ್‌ನ ಸರಕಾರಿ ಕಾನೂನು ಕಾಲೇಜಿನಲ್ಲಿ, 1965ರಿಂದ 1968ರವರೆಗೆ ಕೆ.ಸಿ. ಕಾನೂನು ಕಾಲೇಜಿನಲ್ಲಿ ಅರೆಕಾಲಿಕ ಪ್ರಾಧ್ಯಾಪಕರಾಗಿ ಅವರು ದುಡಿದರು. ಸರಕಾರಿ ಕಾನೂನು ಕಾಲೇಜು 1855ರಲ್ಲಿ ಆರಂಭವಾದ, ದೇಶದ ಅತ್ಯಂತ ಹಳೆಯ ಕಾನೂನು ಕಾಲೇಜುಗಳಲ್ಲೊಂದು. ಹಗಲು ಕೋರ್ಟು, ಬೆಳಗ್ಗೆ ಅಥವಾ ಸಂಜೆ ತರಗತಿ ಎಂಬ ಈ ದಿನಚರಿ ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಲ್ಲ. ಹಗಲಿಡೀ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಇಲ್ಲಿನ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. 1967-68ರಲ್ಲಿ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಸಹಾಯಕ ಸರಕಾರಿ ವಕೀಲರಾಗಿಯೂ ಅವರು ಸೇವೆ ಸಲ್ಲಿಸಿದರು.

ಆ ದಿನಗಳು ಮುಂಬಯಿಯ ದಕ್ಷಿಣ ಭಾರತೀಯರಿಗೆ ಸುಲಭದ ದಿನಗಳಾಗಿರಲಿಲ್ಲ. 1966ರಿಂದೀಚೆಗೆ 'ಹೊರಗಿನವರು' ಎಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳು ಕಲ್ಲೇಟಿಗೆ ಗುರಿಯಾದವು. ಲುಂಗಿಯೂ ಆಕ್ಷೇಪದ ವಸ್ತುವಾಯಿತು. ಅಂಥ ವಾತಾವರಣದ ನಡುವೆ, 1968ರ ಜೂನ್ ತಿಂಗಳಲ್ಲಿ ಹೊಸಬೆಟ್ಟುವಿನ ಸುರೇಶ್ ಅವರು ಮುಂಬಯಿ ಸಿಟಿ ಸಿವಿಲ್ ನ್ಯಾಯಾಲಯದ ನ್ಯಾಯಾಧೀಶರಾಗಿ, ಬೃಹನ್ಮುಂಬಯಿಯ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶರಾಗಿ ನೇಮಕಗೊಂಡರು. ಆಗ ಅವರ ವಯಸ್ಸು 38.

ಹನ್ನೆರಡು ವರ್ಷ, ಆ ಮೇಲೊಂದು ರಾಜೀನಾಮೆ

1948ರ ಕಾಯ್ದೆಯಂತೆ ರಚನೆಯಾದ ಸಿಟಿ ಸಿವಿಲ್ ನ್ಯಾಯಾಲಯ ಮುಂಬಯಿಯ ಜನಸಾಮಾನ್ಯರ ಬದುಕಿಗೆ ಹತ್ತಿರವಾದ ನ್ಯಾಯಾಲಯ. ಮನೆ, ಅಂಗಡಿ, ಜಾಗದ ತಕರಾರು. ಮಹಾನಗರ ಪಾಲಿಕೆ ಕಟ್ಟಡ ಕೆಡವಲು ಕೊಡುವ ನೋಟೀಸುಗಳ ವಿರುದ್ಧದ ದಾವೆ. ಇನ್ನೊಂದು ಕಡೆ ಸೆಷನ್ಸ್ ವಿಭಾಗದಲ್ಲಿ ಕೊಲೆ, ದರೋಡೆಯಂಥ ಕ್ರಿಮಿನಲ್ ಪ್ರಕರಣ. ಈ ಮಹಾನಗರದಲ್ಲಿ ಹತ್ತು ಚದರಡಿ ಜಾಗವೂ ಒಂದು ಕುಟುಂಬದ ಜೀವನ್ಮರಣದ ಪ್ರಶ್ನೆಯೆಂಬುದು ಆ ಪೀಠದಲ್ಲಿ ಕುಳಿತವರಿಗೆ ದಿನವೂ ಕಾಣುವ ಸತ್ಯ. ಸುರೇಶ್ ಅವರು ಅಲ್ಲಿ ಹನ್ನೆರಡು ವರ್ಷ ದುಡಿದರು. 1979ರಲ್ಲಿ ದ್ವಿತೀಯ ಪ್ರಧಾನ ನ್ಯಾಯಾಧೀಶರಾಗಿ ಬಡ್ತಿ ಪಡೆದರು.

ಮರುವರ್ಷ, 1980ರ ಜೂನ್‌ನಲ್ಲಿ, ಅವರು ಆ ಹುದ್ದೆಗೆ ರಾಜೀನಾಮೆಯಿತ್ತು ಮತ್ತೆ ವಕೀಲಿಕೆಗೆ ಮರಳಿದರು. ಐವತ್ತರ ಹರೆಯದಲ್ಲಿ ಸರಕಾರಿ ವೇತನದ ಭದ್ರತೆಯನ್ನು ಬಿಟ್ಟು, ಕಕ್ಷಿದಾರರನ್ನು ಮತ್ತೆ ಮೊದಲಿನಿಂದ ಕಟ್ಟಿಕೊಳ್ಳುವುದು ಸಣ್ಣ ಧೈರ್ಯವಲ್ಲ. ಆದರೂ ಎರಡೇ ವರ್ಷಗಳಲ್ಲಿ, 1982ರಲ್ಲಿ, ಹೈಕೋರ್ಟು ಅವರಿಗೆ ಹಿರಿಯ ನ್ಯಾಯವಾದಿಯ ಸ್ಥಾನ ನೀಡಿ ಗೌರವಿಸಿತು. 1986ರ ನವೆಂಬರ್‌ನಲ್ಲಿ ಅದೇ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿಯಾಗಿ ನೇಮಕಗೊಂಡರು. 1987ರ ಜೂನ್‌ನಲ್ಲಿ ಖಾಯಂ ನ್ಯಾಯಮೂರ್ತಿಯಾದರು. 62 ವರ್ಷ ತುಂಬುತ್ತಲೇ, 1991ರ ಜುಲೈಯಲ್ಲಿ ನಿವೃತ್ತರಾದರು.

ಲೆಕ್ಕ ಹಾಕಿದರೆ ಅವರು ಹೈಕೋರ್ಟಿನ ಪೀಠದಲ್ಲಿ ಕುಳಿತದ್ದು ಐದು ವರ್ಷಕ್ಕೂ ಕಡಿಮೆ. ಸಿಟಿ ಸಿವಿಲ್ ನ್ಯಾಯಾಲಯದ ಹನ್ನೆರಡು ವರ್ಷ ಸೇರಿಸಿದರೂ ಹದಿನೇಳು ದಾಟುವುದಿಲ್ಲ. ನಿವೃತ್ತಿಯ ನಂತರ ಬದುಕಿದ್ದು 29 ವರ್ಷ. ದೇಶ ಅವರನ್ನು ಗುರುತಿಸಿದ್ದು ಈ 29 ವರ್ಷಗಳ ಕೆಲಸದಿಂದ.

ವಿಶ್ರಾಂತಿಯಿಲ್ಲದ ನಿವೃತ್ತಿ

ಹೈಕೋರ್ಟಿನ ಖಾಯಂ ನ್ಯಾಯಮೂರ್ತಿಯಾಗಿದ್ದವರು ನಿವೃತ್ತಿಯ ಬಳಿಕ ಅದೇ ಹೈಕೋರ್ಟಿನಲ್ಲಿ ವಕೀಲಿಕೆ ಮಾಡುವಂತಿಲ್ಲ. ಸಂವಿಧಾನದ 220ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನಲ್ಲಿ ಅಥವಾ ಬೇರೆ ಹೈಕೋರ್ಟುಗಳಲ್ಲಿ ಮಾತ್ರ ವಾದಿಸಬಹುದು. ಹಾಗಾಗಿ ಹೆಚ್ಚಿನವರು ಕಂಪೆನಿಗಳ ವ್ಯಾಜ್ಯಗಳಿಗೆ ಮಧ್ಯಸ್ಥಿಕೆ ವಹಿಸುವುದು, ಕಾನೂನು ಅಭಿಪ್ರಾಯ ನೀಡುವುದು, ಸರಕಾರಿ ಆಯೋಗಗಳ ಅಧ್ಯಕ್ಷರಾಗುವುದು ವಾಡಿಕೆ. ಅದರಲ್ಲಿ ತಪ್ಪೇನಿಲ್ಲ. ಗೌರವವೂ ಇದೆ, ಸಂಭಾವನೆಯೂ ಇದೆ.

ಸುರೇಶ್ ಅವರು ಹಿಡಿದದ್ದು ಮತ್ತೊಂದು ದಾರಿ. ಅದು ಜನತಾ ನ್ಯಾಯಮಂಡಳಿಗಳ ದಾರಿ. ಗಲಭೆ, ತೆರವು ಕಾರ್ಯಾಚರಣೆ, ಪೊಲೀಸ್ ಗೋಲಿಬಾರ್ ನಡೆದ ಕಡೆಗೆ ನಿವೃತ್ತ ನ್ಯಾಯಮೂರ್ತಿಗಳು ಸ್ವತಃ ಹೋಗಿ, ನೊಂದವರ ಹೇಳಿಕೆ ದಾಖಲಿಸಿ, ಸರಕಾರದ ಕಡೆಯವರನ್ನೂ ಹೇಳಿಕೆ ನೀಡಲು ಆಹ್ವಾನಿಸಿ, ಕಂಡದ್ದನ್ನು ವರದಿಯಾಗಿ ಜನರ ಮುಂದಿಡುವುದು ಇದರ ಕ್ರಮ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಸರಕಾರ ನೇಮಿಸುವ ಆಯೋಗಕ್ಕೆ ಸಾಕ್ಷಿಗಳಿಗೆ ಸಮನ್ಸ್ ಕಳುಹಿಸುವ, ಕಡತ ತರಿಸುವ ಅಧಿಕಾರವಿರುತ್ತದೆ. ಜನತಾ ನ್ಯಾಯಮಂಡಳಿಗೆ ಅಂಥ ಯಾವ ಅಧಿಕಾರವೂ ಇಲ್ಲ. ಕರೆದರೆ ಅಧಿಕಾರಿಗಳು ಬರಬೇಕೆಂದಿಲ್ಲ, ವರದಿಯನ್ನು ಸರಕಾರ ಒಪ್ಪಬೇಕೆಂದೂ ಇಲ್ಲ. ಅದರ ಬಲವೆಲ್ಲ ಎರಡೇ ವಿಷಯಗಳಲ್ಲಿದೆ: ಕೇಳುವವರ ಮೇಲೆ ಜನರಿಗಿರುವ ನಂಬಿಕೆ, ಮತ್ತು ಸಾಕ್ಷ್ಯವನ್ನು ಅಳೆದು ತೂಗಿ ಬರೆಯುವ ನ್ಯಾಯಾಧೀಶರ ಅಭ್ಯಾಸ. ಸುರೇಶ್ ಅವರಲ್ಲಿ ಎರಡೂ ಇದ್ದವು.

ಮೊದಲ ಪರೀಕ್ಷೆ ಬೆಂಗಳೂರಿನಲ್ಲಿ

ನಿವೃತ್ತರಾಗಿ ಐದು ತಿಂಗಳಾಗಿತ್ತಷ್ಟೆ. ಕಾವೇರಿ ನ್ಯಾಯಮಂಡಳಿ 1991ರ ಜೂನ್‌ನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತ್ತು. ಡಿಸೆಂಬರ್ 11ರಂದು ಅದು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಯಿತು. ಮರುದಿನದಿಂದ ಬೆಂಗಳೂರಿನಲ್ಲಿ ಹಿಂಸಾಚಾರ ಹಬ್ಬಿತು. ತಮಿಳು ಭಾಷಿಕರು, ಅವರಲ್ಲೂ ಕೊಳೆಗೇರಿಗಳ ಕೂಲಿಕಾರರು, ಹೆಚ್ಚಾಗಿ ತೊಂದರೆಗೊಳಗಾದರು. ಜೀವಗಳು ಹೋದವು, ಮನೆಗಳು ಸುಟ್ಟವು.

ಈ ಗಲಭೆಯ ವಿಚಾರಣೆಗೆ ಇಂಡಿಯನ್ ಪೀಪಲ್ಸ್ ಹ್ಯೂಮನ್ ರೈಟ್ಸ್ ಕಮಿಷನ್ ಎಂಬ ನಾಗರಿಕ ಸಂಘಟನೆ ಇಬ್ಬರನ್ನು ನೇಮಿಸಿತು. ಒಬ್ಬರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಡಿ. ಎಸ್. ತೆವಾಟಿಯಾ. ಇನ್ನೊಬ್ಬರು ನ್ಯಾ. ಸುರೇಶ್. ಕಾವೇರಿ ನೀರಿನ ವಿಷಯದಲ್ಲಿ ಕನ್ನಡಿಗರ ಮನಸ್ಸು ಎಷ್ಟು ಕುದಿಯುತ್ತದೆ ಎಂಬುದು ಗೊತ್ತಿರುವ ಯಾರಿಗೂ ಈ ಕೆಲಸದ ಕಷ್ಟ ಅರ್ಥವಾದೀತು. ನೀರಿನ ಹಕ್ಕಿನ ವಾದ ಬೇರೆ, ಬಡ ಕೂಲಿಯವನ ಮನೆಗೆ ಬೆಂಕಿಯಿಡುವುದು ಬೇರೆ. ಕನ್ನಡಿಗರೇ ಆದ ನ್ಯಾಯಮೂರ್ತಿಯೊಬ್ಬರು ಕನ್ನಡನಾಡಿನ ರಾಜಧಾನಿಗೆ ಹೋಗಿ, ಹಾನಿಗೊಳಗಾದ ತಮಿಳರ ಅಹವಾಲು ಕೇಳಿದರು. ಭಾಷೆಯ ಕಾರಣಕ್ಕೆ ಕಲ್ಲೇಟು ತಿನ್ನುವುದೆಂದರೇನು ಎಂಬುದು ಅರುವತ್ತರ ದಶಕದ ಮುಂಬಯಿಯನ್ನು ಕಂಡವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಮುಂಬಯಿ ಹೊತ್ತಿ ಉರಿದಾಗ

ಒಂದು ವರ್ಷ ಕಳೆಯುವಷ್ಟರಲ್ಲಿ ಬೆಂಕಿ ಅವರದ್ದೇ ನಗರಕ್ಕೆ ಬಂತು. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ನೆಲಸಮವಾದ ಬೆನ್ನಿಗೇ ಮುಂಬಯಿಯಲ್ಲಿ ಕೋಮು ಗಲಭೆ ಭುಗಿಲೆದ್ದಿತು. ಜನವರಿಯಲ್ಲಿ ಅದು ಮರುಕಳಿಸಿತು. ಎರಡೂ ಸುತ್ತುಗಳಲ್ಲಿ ಸತ್ತವರು 900 ಮಂದಿ. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು ಎಂದು ನಂತರದ ಅಧಿಕೃತ ಆಯೋಗ ದಾಖಲಿಸಿತು. ಧಾರಾವಿ, ಜೋಗೇಶ್ವರಿ, ಬೆಹ್ರಾಂಪಾಡಾ, ಡೋಂಗ್ರಿ ಮೊದಲಾದ ಕಡೆ ನಡೆದದ್ದನ್ನು ಆ ದಿನಗಳಲ್ಲಿ ಇಲ್ಲಿದ್ದವರು ಮರೆತಿಲ್ಲ. ಲೋಕಲ್ ರೈಲುಗಳು ಖಾಲಿ ಓಡಿದವು. ರಾತ್ರಿ ಪಾಳಿಯ ಕೆಲಸದವರು ಹೋಟೆಲುಗಳಲ್ಲೇ ಉಳಿದರು.

ನ್ಯಾ. ಎಸ್. ಎಂ. ದಾವೂದ್ ಹಾಗೂ ನ್ಯಾ. ಸುರೇಶ್ ಅವರು ಜೊತೆಯಾಗಿ ಈ ಗಲಭೆಗಳ ವಿಚಾರಣೆ ನಡೆಸಿದರು. ಇಬ್ಬರೂ ಬಾಂಬೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಒಬ್ಬರು ಮುಸ್ಲಿಂ, ಒಬ್ಬರು ಹಿಂದೂ. ಅವರ ವರದಿ 'ದಿ ಪೀಪಲ್ಸ್ ವರ್ಡಿಕ್ಟ್' 1993ರಲ್ಲೇ ಹೊರಬಂತು.

ಇದೇ ವಿಷಯದ ಬಗ್ಗೆ ಮಹಾರಾಷ್ಟ್ರ ಸರಕಾರ ನೇಮಿಸಿದ ಅಧಿಕೃತ ಆಯೋಗದ ಹೊಣೆ ಹೊತ್ತವರು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು ಅವರು. ಹೀಗೆ ಮುಂಬಯಿಯ ಇತಿಹಾಸದ ಅತ್ಯಂತ ಕರಾಳ ಅಧ್ಯಾಯವೊಂದರ ಸತ್ಯಶೋಧನೆಯಲ್ಲಿ, ಸರಕಾರದ ಕಡೆಯಿಂದಲೂ ಜನರ ಕಡೆಯಿಂದಲೂ ಕರ್ನಾಟಕ ಮೂಲದ ನ್ಯಾಯಮೂರ್ತಿಗಳು ಪಾತ್ರ ವಹಿಸಿದ್ದು ಮುಂಬಯಿ ಕನ್ನಡಿಗರು ನೆನಪಿಡಬೇಕಾದ ಸಂಗತಿ. ಶ್ರೀಕೃಷ್ಣ ಆಯೋಗ 1993ರ ಜನವರಿಯಲ್ಲಿ ರಚನೆಯಾಯಿತು. 1996ರ ಜನವರಿಯಲ್ಲಿ ರಾಜ್ಯ ಸರಕಾರ ಅದನ್ನು ರದ್ದುಗೊಳಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಮತ್ತೆ ಜೀವ ಬಂತು. ವರದಿ ಸಲ್ಲಿಕೆಯಾದದ್ದು 1998ರ ಫೆಬ್ರವರಿಯಲ್ಲಿ. ಅಧಿಕೃತ ಆಯೋಗ ಎಷ್ಟೇ ಪ್ರಾಮಾಣಿಕವಾಗಿ ನಡೆದರೂ ಕಾಲಹರಣ ತಪ್ಪಲಿಲ್ಲ. ಆ ಐದು ವರ್ಷಗಳಲ್ಲಿ ಸಾಕ್ಷಿಗಳು ಊರು ಬಿಟ್ಟಿರಬಹುದು, ನೆನಪು ಮಸುಕಾಗಿರಬಹುದು. ಗಾಯ ಹಸಿಯಿರುವಾಗಲೇ ಜನರ ಮಾತು ದಾಖಲಾಗಬೇಕು. ಸುರೇಶ್ ಹಾಗೂ ದಾವೂದ್ ಅವರ ಕೆಲಸದ ಮಹತ್ವವಿರುವುದು ಇಲ್ಲಿಯೇ.

ಗುಡಿಸಲು ಕೆಡವಿದಲ್ಲಿ ನ್ಯಾಯಮೂರ್ತಿ

1993ರ ಜೂನ್‌ನಲ್ಲಿ ಇಂಡಿಯನ್ ಪೀಪಲ್ಸ್ ಟ್ರಿಬ್ಯುನಲ್ ಎಂಬ ಜನತಾ ನ್ಯಾಯಮಂಡಳಿ ಸ್ಥಾಪನೆಯಾಯಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದರ ಮುಂಚೂಣಿಯಲ್ಲಿದ್ದರು. ಅದರ ಪರವಾಗಿ ಸುರೇಶ್ ಅವರು ಕೈಗೊಂಡ ವಿಚಾರಣೆಗಳಲ್ಲಿ ಮುಂಬಯಿಗರಿಗೆ ಅತಿ ಹತ್ತಿರದ್ದು 1995ರ ಕೊಳೆಗೇರಿ ತೆರವಿನ ವಿಚಾರಣೆ. ದೆಹಲಿ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಹಾಗೂ ನ್ಯಾ. ದಾವೂದ್ ಈ ಕೆಲಸದಲ್ಲಿ ಅವರ ಜೊತೆಗಿದ್ದರು.

ಇದರ ಹಿನ್ನೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರ ಮಳೆಗಾಲದಲ್ಲಿ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಊರಿಗೆ ಕಳುಹಿಸಲು ಆಗಿನ ಸರಕಾರ ಹೊರಟಿತು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆ ಹೋದರು. 1985ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠ ತೀರ್ಪು ನೀಡಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸಾರಿತು. ಅದೇ ತೀರ್ಪು, ನೋಟೀಸು ನೀಡಿ ಕ್ರಮಬದ್ಧವಾಗಿ ತೆರವುಗೊಳಿಸುವ ಅಧಿಕಾರ ಪಾಲಿಕೆಗೆ ಇದೆಯೆಂದೂ ಹೇಳಿತು. ಹಕ್ಕು ಕಾಗದದಲ್ಲಿ ಉಳಿಯಿತು, ಬುಲ್ಡೋಜರು ರಸ್ತೆಯಲ್ಲಿ ಓಡಿತು ಎಂಬಂತಾಯಿತು ಬಡವರ ಪಾಲಿಗೆ. ಇಂತಿಷ್ಟನೇ ತಾರೀಕಿನೊಳಗೆ ಬಂದವರು ಅರ್ಹರು, ಅನಂತರ ಬಂದವರು ಅನರ್ಹರು ಎಂಬ ಲೆಕ್ಕವೂ ಬಂತು. ಆ ಗಡುವು ಒಂದು ಹಂತದಲ್ಲಿ 1995ರ ಜನವರಿ 1 ಎಂದಿತ್ತು. ಬಳಿಕ 2000ದ ಜನವರಿ 1ಕ್ಕೆ ವಿಸ್ತರಣೆಯಾಯಿತು.

'ಫೋರ್ಸ್ಡ್ ಎವಿಕ್ಷನ್ಸ್' ಎಂಬ ಹೆಸರಿನಲ್ಲಿ 1995ರಲ್ಲಿ ಪ್ರಕಟವಾದ ವರದಿ, ಈ ತೆರವುಗಳನ್ನು ಕ್ರೂರವೆಂದೇ ಕರೆಯಿತು. ಮನೆ ಕೆಡವಿದರೆ ಹೋಗುವುದು ತಗಡು, ಬಿದಿರು, ಪ್ಲಾಸ್ಟಿಕ್ಕು ಮಾತ್ರವಲ್ಲ. ರೇಷನ್ ಕಾರ್ಡು ಹೋಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ, ಹೆಂಗಸರ ಮನೆಗೆಲಸದ ಸಂಪಾದನೆ ನಿಲ್ಲುತ್ತದೆ. ಕುಟುಂಬ ಚೆಲ್ಲಾಪಿಲ್ಲಿಯಾಗುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹೋಟೆಲಿನ ಅಟ್ಟದಲ್ಲಿ, ಅಂಗಡಿಯ ಬಾಗಿಲಲ್ಲಿ, ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗಿ ಬದುಕು ಕಟ್ಟಿಕೊಂಡ ಕನ್ನಡಿಗರ ಹಿಂದಿನ ತಲೆಮಾರಿಗೆ ಈ ಕಷ್ಟ ಕಾದಂಬರಿಯ ಕತೆಯಲ್ಲ. ಊರು ಯಾವುದಾದರೂ, ಭಾಷೆ ಯಾವುದಾದರೂ, ದುಡಿಯಲು ಬಂದವನಿಗೆ ತಲೆಯ ಮೇಲೊಂದು ಸೂರು ಬೇಕು. 2011ರ ಜನಗಣತಿಯಲ್ಲೂ ಬೃಹನ್ಮುಂಬಯಿಯ ನೂರರಲ್ಲಿ ನಲ್ವತ್ತಕ್ಕೂ ಹೆಚ್ಚು ಮಂದಿ ಕೊಳೆಗೇರಿವಾಸಿಗಳೆಂದು ಕಂಡುಬಂದಿದೆ. ಸುರೇಶ್ ಅವರು ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ.

ಹೊಗಳಿಕೆ, ಟೀಕೆ ಎರಡೂ

2002ರ ಗುಜರಾತ್ ಹಿಂಸಾಚಾರದ ನಂತರ ನ್ಯಾ. ಕೃಷ್ಣ ಅಯ್ಯರ್ ಅಧ್ಯಕ್ಷತೆಯಲ್ಲಿ ರಚನೆಯಾದ ಕಾಳಜಿಯುಳ್ಳ ನಾಗರಿಕರ ನ್ಯಾಯಮಂಡಳಿಯಲ್ಲಿ ನ್ಯಾ. ಪಿ. ಬಿ. ಸಾವಂತ್, ಹಿರಿಯ ವಕೀಲ ಕೆ. ಜಿ. ಕಣ್ಣಬಿರನ್, ಅರುಣಾ ರಾಯ್ ಮೊದಲಾದವರ ಜೊತೆ ಸುರೇಶ್ ಅವರೂ ಸದಸ್ಯರಾಗಿದ್ದರು. ಆಗ ಅವರಿಗೆ 72 ವರ್ಷ. ಗೋಧ್ರಾ ರೈಲು ದುರಂತ ಹಾಗೂ ಆ ಬಳಿಕದ ಹತ್ಯಾಕಾಂಡಗಳ ಕುರಿತು 2,094 ಮೌಖಿಕ ಹಾಗೂ ಲಿಖಿತ ಹೇಳಿಕೆಗಳನ್ನು ಮಂಡಳಿ ಸಂಗ್ರಹಿಸಿತು. 'ಕ್ರೈಮ್ ಎಗೆನ್ಸ್ಟ್ ಹ್ಯುಮಾನಿಟಿ' ಎಂಬ ಎರಡು ಸಂಪುಟಗಳ ವರದಿ 2002ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು.

ಈ ವರದಿ ರಾಜ್ಯ ಸರಕಾರವನ್ನು ನೇರವಾಗಿ ಹೊಣೆಯಾಗಿಸಿದ್ದರಿಂದ ದೊಡ್ಡ ವಿವಾದವಾಯಿತು. ಒಂದೇ ಕಡೆಯ ಮಾತು ಕೇಳಿದರೆಂಬ ಆಕ್ಷೇಪ ಬಂತು. ಸುಪ್ರೀಂ ಕೋರ್ಟು ನೇಮಿಸಿದ ವಿಶೇಷ ತನಿಖಾ ತಂಡ 2012ರಲ್ಲಿ, ಆಗಿನ ಮುಖ್ಯಮಂತ್ರಿ ಹಾಗೂ ಇತರರ ವಿರುದ್ಧ ವಿಚಾರಣೆ ನಡೆಸುವಷ್ಟು ಪುರಾವೆಯಿಲ್ಲವೆಂದು ವರದಿ ನೀಡಿತು. 2022ರ ಜೂನ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಸುರೇಶ್ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ನಿಲುವನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ನಮ್ಮ ಸಂಘಗಳ ಸದಸ್ಯರಲ್ಲೂ ಎರಡೂ ಅಭಿಪ್ರಾಯದವರು ಇರುವುದು ಸಹಜ. ಆದರೆ ಮನೆಮಠ ಕಳೆದುಕೊಂಡವರು ಹೇಳಿದ್ದನ್ನು ಕಾಗದದ ಮೇಲೆ ಇಳಿಸಿದ ಕೆಲಸದ ಬೆಲೆಯನ್ನು ಯಾರೂ ಕಡಿಮೆ ಮಾಡಲಾರರು.

ಎಂಬತ್ತು ದಾಟಿದರೂ ಪ್ರಯಾಣ ನಿಲ್ಲಲಿಲ್ಲ. 2010ರ ಫೆಬ್ರವರಿಯ ಚಳಿಯಲ್ಲಿ ಅವರು ಶ್ರೀನಗರಕ್ಕೆ ಹೋಗಿ, ಕಾಶ್ಮೀರದ ಮಾನವ ಹಕ್ಕುಗಳ ಸ್ಥಿತಿಗತಿ ಕುರಿತ ವಿಚಾರಣೆಯಲ್ಲಿ ಭಾಗವಹಿಸಿದರು. ನ್ಯಾಯಾಧೀಶರೂ ಪ್ರಶ್ನಾತೀತರಲ್ಲ ಎಂಬ ನಿಲುವಿನಿಂದ ನ್ಯಾಯಾಂಗದ ಉತ್ತರದಾಯಿತ್ವಕ್ಕಾಗಿ ನಡೆದ ರಾಷ್ಟ್ರೀಯ ಆಂದೋಲನಕ್ಕೆ ಪೋಷಕರಾಗಿ ನಿಂತರು. ಮರಣದಂಡನೆಯ ವಿರುದ್ಧವೂ ದನಿಯೆತ್ತಿದರು. 257 ಜನರನ್ನು ಬಲಿ ತೆಗೆದುಕೊಂಡ 1993ರ ಮಾರ್ಚ್ 12ರ ಬಾಂಬ್ ಸ್ಫೋಟಗಳ ಪ್ರಕರಣದಲ್ಲಿ ಯಾಕೂಬ್ ಮೆಮನ್‌ಗೆ ಗಲ್ಲು ವಿಧಿಸಿದಾಗ, ಶಿಕ್ಷೆಯನ್ನು ತಡೆಯಬೇಕೆಂದು 2015ರಲ್ಲಿ ರಾಷ್ಟ್ರಪತಿಯವರಿಗೆ ಮನವಿ ಮಾಡಿಕೊಂಡ ನಿವೃತ್ತ ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. ಸ್ಫೋಟದ ನೋವುಂಡ ನಗರದಲ್ಲಿ ನೆಲೆಸಿ ಇಂಥ ಮಾತು ಹೇಳುವುದು ಜನಪ್ರಿಯತೆ ತರುವ ಕೆಲಸವಾಗಿರಲಿಲ್ಲ. ಮನವಿ ಫಲಿಸಲಿಲ್ಲ. ಆ ವರ್ಷ ಜುಲೈ 30ರಂದು ಶಿಕ್ಷೆ ಜಾರಿಯಾಯಿತು.

ಪುಸ್ತಕ ರೂಪದ ಚಿಂತನೆ

ತಮ್ಮ ಅನುಭವ ಹಾಗೂ ಅಧ್ಯಯನವನ್ನು ಅವರು 'ಆಲ್ ಹ್ಯೂಮನ್ ರೈಟ್ಸ್ ಆರ್ ಫಂಡಮೆಂಟಲ್ ರೈಟ್ಸ್' ಎಂಬ ಇಂಗ್ಲಿಷ್ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಎಲ್ಲ ಮಾನವ ಹಕ್ಕುಗಳೂ ಮೂಲಭೂತ ಹಕ್ಕುಗಳೇ ಎಂಬುದು ಹೆಸರಿನಲ್ಲೇ ಇರುವ ಪ್ರತಿಪಾದನೆ. ನಮ್ಮ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ, ಸಮಾನತೆ, ಜೀವಿಸುವ ಹಕ್ಕು ಮೂಲಭೂತ ಹಕ್ಕುಗಳ ಭಾಗದಲ್ಲಿವೆ. ಉದ್ಯೋಗ, ಆರೋಗ್ಯ, ಜೀವನಮಟ್ಟದ ವಿಷಯಗಳು ಹೆಚ್ಚಾಗಿ ನಿರ್ದೇಶಕ ತತ್ವಗಳಲ್ಲಿವೆ. ಅವನ್ನು ನೇರವಾಗಿ ನ್ಯಾಯಾಲಯದಲ್ಲಿ ಕೇಳಿ ಪಡೆಯುವುದು ಕಷ್ಟ. ಆದರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ ಮಾನವ ಹಕ್ಕು ಎಂದರೇನೆಂದು ಹೇಳುವಾಗ ಸಂವಿಧಾನದ ಜೊತೆಗೆ ಅಂತಾರಾಷ್ಟ್ರೀಯ ಒಡಂಬಡಿಕೆಗಳನ್ನೂ ಹೆಸರಿಸಿದೆ. 1966ರ ಆ ಒಡಂಬಡಿಕೆಗಳಿಗೆ ಭಾರತ 1979ರಲ್ಲಿ ಸಮ್ಮತಿ ನೀಡಿದೆ. ವಸತಿ, ಆಹಾರ, ಆರೋಗ್ಯ ಎಲ್ಲವೂ ಅವುಗಳಲ್ಲಿವೆ. ಕಾನೂನು ವಿದ್ಯಾರ್ಥಿಗಳಿಗೆ ಹಲವು ವರ್ಷ ಪಾಠ ಹೇಳಿದ ಪ್ರಾಧ್ಯಾಪಕರ ಕಣ್ಣು, ಕೆಡವಿದ ಗುಡಿಸಲುಗಳ ನಡುವೆ ನಿಂತ ನ್ಯಾಯಮೂರ್ತಿಯ ಕಣ್ಣು ಎರಡೂ ಈ ಚಿಂತನೆಯ ಹಿಂದಿವೆ.

ಸಂಘ-ಸಂಸ್ಥೆಗಳಿಗೊಂದು ದಾರಿ

1953ರಲ್ಲಿ ಕರಿಕೋಟು ತೊಟ್ಟಲ್ಲಿಂದ 2020ರವರೆಗೆ 67 ವರ್ಷ. ವಕೀಲ, ಪ್ರಾಧ್ಯಾಪಕ, ನ್ಯಾಯಾಧೀಶ, ಮತ್ತೆ ವಕೀಲ, ಹೈಕೋರ್ಟಿನ ನ್ಯಾಯಮೂರ್ತಿ, ಕೊನೆಗೆ ಜನತಾ ನ್ಯಾಯಮಂಡಳಿಗಳ ಹಿರಿಯ. ಇಷ್ಟು ದೀರ್ಘವಾದ, ಇಷ್ಟು ತಿರುವುಗಳಿರುವ ವೃತ್ತಿಜೀವನ ಮುಂಬಯಿ ಕನ್ನಡಿಗರಲ್ಲಿ ವಿರಳ. ಸುಳ್ಯದಿಂದ ಸುರತ್ಕಲ್‌ವರೆಗೆ, ಕಾರವಾರದಿಂದ ಕಲಬುರಗಿಯವರೆಗೆ ಎಲ್ಲ ಕಡೆಯಿಂದ ಬಂದು ಇಲ್ಲಿನ ಕಾನೂನು ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಅವರ ಬದುಕನ್ನು ಪರಿಚಯಿಸುವುದು ಸಂಘ-ಸಂಸ್ಥೆಗಳ ಕರ್ತವ್ಯ. ವಾರ್ಷಿಕೋತ್ಸವಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ ನಡೆಯುವಾಗ ಇಂಥವರ ಹೆಸರಿನಲ್ಲೊಂದು ಉಪನ್ಯಾಸ ಏರ್ಪಡಿಸಿದರೂ ಸಾಕು.

ಅದಕ್ಕಿಂತಲೂ ಮಿಗಿಲಾದ ಗೌರವವೊಂದಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕಾರ್ಮಿಕರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನ ಬಡವರು ಉಚಿತ ಕಾನೂನು ನೆರವು ಪಡೆಯಲು ಅರ್ಹರು. ಮನೆಯ ನೋಟೀಸು ಬಂದ ವಿಧವೆ, ಸಂಬಳ ಸಿಗದ ಹೋಟೆಲು ಕಾರ್ಮಿಕ, ಪೊಲೀಸ್ ಠಾಣೆಗೆ ಹೋಗಲು ಅಂಜುವ ಹೊಸಬ ಮೊದಲು ಬಂದು ಕೂರುವುದು ಜಾತಿ ಸಂಘದ ಅಥವಾ ಭಾಷಾ ಸಂಘದ ಕಚೇರಿಯಲ್ಲಿ. ವಾರಕ್ಕೊಂದು ಸಂಜೆ ಒಬ್ಬ ವಕೀಲರು ಅಲ್ಲಿದ್ದು ಅವರ ಮಾತನ್ನು ಪೂರ್ತಿ ಕೇಳಿ, ಬರೆದುಕೊಂಡು, ಸರಿಯಾದ ಕಚೇರಿಗೆ ದಾರಿ ತೋರಿಸಿದರೆ ಎಷ್ಟೋ ಕುಟುಂಬಗಳು ಬೀದಿಗೆ ಬೀಳುವುದು ತಪ್ಪುತ್ತದೆ. ಈಗಾಗಲೇ ಇದನ್ನು ಮಾಡುತ್ತಿರುವ ವಕೀಲ ಮಿತ್ರರು ಅಭಿನಂದನಾರ್ಹರು. ಯಾವ ಅಧಿಕಾರವೂ ಇಲ್ಲದ ಕುರ್ಚಿಯಲ್ಲಿ ಕುಳಿತು, ಎದುರಿಗಿದ್ದವರ ಮಾತಿಗೆ ಕಿವಿಗೊಟ್ಟ ನ್ಯಾಯಮೂರ್ತಿ ಹೊಸಬೆಟ್ಟು ಸುರೇಶ್ ಅವರಿಗೆ ಹೊರನಾಡ ಕನ್ನಡಿಗರು ಸಲ್ಲಿಸಬಹುದಾದ ನಿಜವಾದ ಶ್ರದ್ಧಾಂಜಲಿ ಇದೇ ಆದೀತು.